ಆಗಿಬರಲ್ಲ ಅಂದ ತಪ್ಪಿಗೆ

ಶಿಡ್ಲಘಟ್ಟದ ಸೀಮೆಗೆ ಬಂದ ಮೂರನೇ ದಿನ ನಾನು ಅಂಗಡಿಗೆ ಹೋಗಿ, ಒಂದು ಮಗುವನ್ನು ಕಾಲು ಕಿಲೋ ತೂಗಿ ಕೊಡಿ ಎಂದು ಕೇಳಿದೆ. ನಾನು ಕೇಳಿದ್ದು ಹಾಗಲ್ಲ. ಅವರಿಗೆ ಕೇಳಿಸಿದ್ದು ಹಾಗೆ.

"ಯಕ್ಕಾ, ಪಾವ್ ಕಿಲೋ ಪುಟಾಣಿ ಕೊಡ್ರಿ" ಎಂದಿದ್ದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹೆಂಗಸು ನನ್ನ ಮುಖ ನೋಡಿದರು, ಒಳಮನೆಯ ಕಡೆ ತಿರುಗಿ ನೋಡಿದರು, ಮತ್ತೆ ನನ್ನ ಮುಖ ನೋಡಿದರು.

"ಪುಟಾಣಿ ಸ್ಕೂಲಿಗೆ ಹೋಗೈತಲ್ಲಕ್ಕ. ಯಾಕೆ, ಏನ್ ಮಾಡ್ತು?"

ನಾನು ಬೆರಳು ತೋರಿಸಿದೆ, ಮೂಲೆಯ ಡಬ್ಬದಲ್ಲಿದ್ದ ಹುರಿದ ಕಡಲೆಯ ಕಡೆಗೆ. "ಅಯ್ಯೋ, ಕಡ್ಲೆಪಪ್ಪಾ!" ಎಂದು ಆಕೆ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಸಂಜೆಯೊಳಗೆ ಹಳ್ಳಿಗೆಲ್ಲ ಸುದ್ದಿ ಹಬ್ಬಿ, ನಾನು ನಲ್ಲಿಯ ಹತ್ತಿರ ಹೋದರೆ ಹೆಂಗಸರು ಮಕ್ಕಳನ್ನು ಸೆರಗಿನ ಹಿಂದೆ ಎಳೆದುಕೊಂಡು, "ಬಂದ್ರು ಕಣೇ, ತೂಕಕ್ಕೆ ತಗೊಂಡು ಹೋಗ್ತಾರೆ" ಎಂದು ತಮಾಷೆ ಮಾಡುವಷ್ಟಾಯಿತು. ನಾನೂ ನಕ್ಕೆ. ನಮ್ಮೂರು ಗುಳೇದಗುಡ್ಡದಲ್ಲಿ ಮಾತಿನಲ್ಲಿ ನನ್ನನ್ನು ಸೋಲಿಸಿದವರಿಲ್ಲ, ಅದು ನಿಮಗೆಲ್ಲ ಗೊತ್ತು. ಅಂಥವಳು ಇಲ್ಲಿ ಒಂದು ಹಿಡಿ ಪುಟಾಣಿ ಕೊಳ್ಳುವುದಕ್ಕೆ ಬೆರಳು ಬಳಸಬೇಕಾಯಿತು.

ನಾವು ಇಲ್ಲಿಗೆ ಬಂದದ್ದು ರೇಷ್ಮೆಯ ಬೆನ್ನು ಹಿಡಿದು. ನಮ್ಮ ಕಡೆ ರವಿಕೆಯ ಖಣ ನೇಯುವ ನೂಲಿನಲ್ಲಿ ಎಷ್ಟೋ ಪಾಲು ಹುಟ್ಟುವುದು ಇಲ್ಲಿ. ಮಗ್ಗದ ಕೆಲಸ ಕಡಿಮೆಯಾದಾಗ ನಮ್ಮ ಮನೆಯವರಿಗೆ ಶಿಡ್ಲಘಟ್ಟದಲ್ಲಿ ನೂಲು ಹುರಿ ಮಾಡುವ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಊರೊಳಗೆ ನಮಗೆ ಹೊಂದುವ ಮನೆ ಸಿಗದೆ, ದಿಬ್ಬೂರಹಳ್ಳಿ ದಾರಿಯ ಒಂದು ಹಳ್ಳಿಯಲ್ಲಿ ಲಕ್ಷ್ಮಮ್ಮ ಎಂಬುವರ ಮನೆಯ ಹಿಂಭಾಗಕ್ಕೆ ಬಂದು ಸೇರಿದೆವು. ಅವರದು ಹಿಪ್ಪುನೇರಳೆ ತೋಟವಿರುವ, ತಲೆಮಾರುಗಳಿಂದ ಇಲ್ಲೇ ಬೇರುಬಿಟ್ಟ ಕುಟುಂಬ. ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಅವರ ಹುಳುಮನೆ. ಒಳಗೆ ತಟ್ಟೆ ತಟ್ಟೆ ಹುಳ ಸೊಪ್ಪು ತಿನ್ನುವಾಗ ಸಣ್ಣ ಮಳೆ ಹಿಡಿದಂತೆ ಸದ್ದು ಬರುತ್ತದೆ. ಹುಳ ಇರುವಷ್ಟು ದಿನ ನಾವು ಸೊಳ್ಳೆ ಬತ್ತಿ ಹಚ್ಚುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ. ಒಗ್ಗರಣೆ ಹಾಕುವುದಾದರೆ ಕಿಟಕಿ ಮುಚ್ಚಬೇಕು. ಅಷ್ಟು ಸೂಕ್ಷ್ಮ ಜೀವ ಅದು.

ಊಟದ ವಿಷಯ ಹೇಳಿದರೆ ಊರಿನಲ್ಲಿ ನಮ್ಮ ಅತ್ತೆ ಅಳುತ್ತಾರೆ. ಜೋಳದ ರೊಟ್ಟಿ ಇಲ್ಲಿ ಹುಡುಕಿದರೂ ಇಲ್ಲ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ಹಾಗೇ ನುಂಗಬೇಕು. ನನ್ನ ಮಗಳು ಸಿಂಚನಾ ಒಂದು ವಾರದಲ್ಲಿ ಕಲಿತಳು. ನನಗೆ ಮಾತ್ರ ಪ್ರತಿ ತುತ್ತೂ ಗಂಟಲಲ್ಲಿ ನಿಂತು ವಿಚಾರಣೆ ಮಾಡುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾರೆ, ನಗುವ ಭಾಗ ಯಾವಾಗಲೂ ತೆಲುಗಿನಲ್ಲೇ ಬರುತ್ತದೆ. ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ಬಿಟ್ಟು ನಾನೂ ನಗುತ್ತಿದ್ದೆ. ಆದರೂ ಚಳಿಗಾಲದಲ್ಲಿ ಲಕ್ಷ್ಮಮ್ಮನ ಜಗಲಿಯ ಮೇಲೆ ಕೂತು, ನೆನೆಸಿದ ಅವರೆಕಾಳನ್ನು ಬೆರಳಿನಿಂದ ಹಿತುಕಿ ಸಿಪ್ಪೆ ಬಿಡಿಸುವುದನ್ನು ಕಲಿತ ದಿನ ಗೆದ್ದೆ ಎನಿಸಿತ್ತು. "ಪರವಾಗಿಲ್ಲ, ಕೈ ಓಡುತ್ತೆ" ಎಂದಿದ್ದರು ಅವರು.

ಇನ್ನು ಸಿಂಚನಾಳ ಸಂಗತಿ. ನಿಮ್ಮಲ್ಲಿ ಓಣಿಯವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಮೂರು ವರ್ಷದವಳಿದ್ದಾಗ ಪಂಚಮಿಯ ದಿನ ಶೇಂಗಾ ಉಂಡಿ ತಿಂದು ತುಟಿ ಊದಿ, ಮೈತುಂಬ ದದ್ದು ಎದ್ದು, ಉಸಿರು ಸಿಳ್ಳೆ ಹೊಡೆಯತೊಡಗಿತ್ತು. ಬಾಗಲಕೋಟೆಯ ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ನಾನು ಅರ್ಧ ಸತ್ತಿದ್ದೆ. ಈ ಮಗುವಿಗೆ ಶೇಂಗಾ ಎಂದರೆ ವಿಷ, ಕಾಳು ಬೇಡ, ಪುಡಿ ಬೇಡ, ಅದು ತಾಗಿದ ಸೌಟೂ ಬೇಡ ಎಂದರು ಡಾಕ್ಟರು. ಶೇಂಗಾ ಚಟ್ನಿಹಿಂಡಿ ಇಲ್ಲದೆ ರೊಟ್ಟಿ ಮುರಿಯದ ನಮ್ಮ ಅತ್ತೆ, ಅವತ್ತೇ ಶೇಂಗಾ ಡಬ್ಬಿಯನ್ನು ಮನೆಯಿಂದ ಹೊರಗೆ ಹಾಕಿದರು. ನಾನು ಓಣಿಯಲ್ಲಿ ಒಂದೇ ಮಾತು ಹೇಳಿದ್ದೆ, "ಅಕಿಗೆ ಶೇಂಗಾ ಆಗಿಬರಂಗಿಲ್ಲ." ಅಷ್ಟು ಸಾಕಾಯಿತು. ಯಾರ ಮನೆಯಿಂದ ಏನು ಬಂದರೂ, "ಇದರಾಗ ಶೇಂಗಾ ಇಲ್ಲಬೇ" ಎಂಬ ಮಾತು ತಟ್ಟೆಗಿಂತ ಮುಂಚೆ ಬರುತ್ತಿತ್ತು.

ಇಲ್ಲಿನ ಸರ್ಕಾರಿ ಶಾಲೆಗೆ ಅವಳನ್ನು ಎರಡನೇ ತರಗತಿಗೆ ಸೇರಿಸಿದಾಗ ನನ್ನ ಮೊದಲ ಚಿಂತೆ ಪಾಠದ್ದಲ್ಲ, ತಟ್ಟೆಯದು. ಬೆಳಿಗ್ಗೆ ಹಾಲು, ಮಧ್ಯಾಹ್ನ ಅನ್ನ ಸಾಂಬಾರು, ಜೊತೆಗೆ ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಇಲ್ಲವೆಂದರೆ ಚಿಕ್ಕಿ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಅಂದರೆ ಅವಳು ನಿಲ್ಲುವುದು ಚಿಕ್ಕಿಯ ಸಾಲಿನಲ್ಲಿ. ಚಿಕ್ಕಿ ಎಂದರೆ ಬೆಲ್ಲದಲ್ಲಿ ಕಟ್ಟಿದ ಶೇಂಗಾ. ಮೊದಲ ದಿನವೇ ಶಾಲೆಯ ಅಡುಗೆಕೋಣೆಯ ಬಾಗಿಲಿಗೆ ಹೋಗಿ ನಿಂತೆ.

ಅಡುಗೆ ಮಾಡುತ್ತಿದ್ದವರು ಮುನಿರತ್ನಮ್ಮ. ಐವತ್ತರ ಆಸುಪಾಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಅವರ ಅರ್ಧ ಎತ್ತರದ ಸೌಟು. ಪುಟಾಣಿಯ ಪ್ರಸಂಗದಿಂದ ಬುದ್ಧಿ ಕಲಿತಿದ್ದ ನಾನು ಹೆಸರನ್ನೆಲ್ಲ ಮೊದಲೇ ವಿಚಾರಿಸಿಕೊಂಡು ಹೋಗಿದ್ದೆ. ಶೇಂಗಾಕ್ಕೆ ಇಲ್ಲಿ ಕಡ್ಲೆಬೀಜ ಎನ್ನುತ್ತಾರೆ. ತೆಲುಗಿನವರು ಶೆನಕ್ಕಾಯ ಎನ್ನುತ್ತಾರೆ. ಎರಡನ್ನೂ ಬಾಯಿಪಾಠ ಮಾಡಿದ್ದೆ.

"ನಮ್ ಹುಡುಗಿಗೆ ಕಡ್ಲೆಬೀಜ ಆಗಿಬರಂಗಿಲ್ರೀ. ಶೆನಕ್ಕಾಯ, ಶೆನಕ್ಕಾಯ. ಚಿಕ್ಕಿ ಕೊಡಬ್ಯಾಡ್ರಿ, ಒಂದ್ ಕಾಳೂ ಹಾಕಬ್ಯಾಡ್ರಿ."

"ಆಗಿಬರಲ್ವಾ? ಆಯ್ತು ಬಿಡಮ್ಮ, ನಂಗೆ ಗೊತ್ತಾಗುತ್ತೆ" ಎಂದರು ಅವರು. "ನಮ್ಮತ್ತೆ ಮನೆಗೂ ಹಂಗೇ, ಬೂದುಗುಂಬಳ ಆಗಿಬರಲ್ಲ. ಒಂದ್ಸಲ ಮಾಡಿದ್ದಕ್ಕೆ ನಮ್ಮಾವಂಗೆ ಹೆಂಗ್ ಕೆಟ್ಟದಾಯ್ತು ಅಂತೀರಾ."

ಪಾಪ, ಮಾವನವರಿಗೆ ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡೆ. ನನ್ನ ಕಷ್ಟ ಬಲ್ಲ ಒಬ್ಬರು ಸಿಕ್ಕರಲ್ಲ ಎಂದು ಹಗುರಾಗಿ ಮನೆಗೆ ಬಂದು, ಅತ್ತೆಗೆ ಫೋನು ಮಾಡಿ, "ಏನೂ ಚಿಂತಿ ಮಾಡಬ್ಯಾಡ್ರಿ, ಅವರ ಮನ್ಯಾಗೂ ಹಿಂಗೇ ಐತಂತ" ಎಂದೆ. ಹೆಸರುಗಳನ್ನೆಲ್ಲ ಸರಿಮಾಡಿಕೊಂಡು ಹೋದವಳು ಕ್ರಿಯಾಪದದಲ್ಲಿ ಬಿದ್ದಿದ್ದೆ, ಅದು ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು.

ಈ ಕಡೆ ಒಂದು ಪದಾರ್ಥ ಮನೆಗೆ ಆಗಿಬರಲ್ಲ ಎಂದರೆ ಅದು ಕಟ್ಟಳೆ. ಮನೆದೇವರಿಗೋ ಹಿರಿಯರಿಗೋ ಒಪ್ಪದ್ದು ಎಂದರ್ಥ. ಅಂಥದ್ದನ್ನು ಮನೆಯಲ್ಲಿ ಬೇಯಿಸಬಾರದು, ಬಡಿಸಿಕೊಳ್ಳಬಾರದು. ಮೈಗೆ ಒಗ್ಗುವುದಿಲ್ಲ ಎನ್ನುವುದಕ್ಕೆ ಬೇರೆ ಮಾತಿದೆ. ಮುನಿರತ್ನಮ್ಮ ನನ್ನ ಮಾತನ್ನು ಗೌರವದಿಂದ, ಕಟ್ಟಳೆಯೆಂದೇ ನಡೆಸಿದರು. ನಾಲ್ಕು ತಿಂಗಳು ಸಿಂಚನಾಳಿಗೆ ತಪ್ಪದೆ ಬಾಳೆಹಣ್ಣು ಎತ್ತಿಟ್ಟರು. ಒಂದು ದಿನ ಹಣ್ಣು ಬಾರದಿದ್ದಾಗ ತಮ್ಮ ಮನೆಯಿಂದ ಸೀಬೆಹಣ್ಣು ತಂದು ಕೊಟ್ಟರಂತೆ. ಅವಳೂ ಅವರನ್ನು ಮುನಿರತ್ನಮ್ಮಜ್ಜಿ ಎಂದು ಕರೆದು, ಅವರ ಹಿಂದೆ ಮುಂದೆ ಸುಳಿದಾಡಿ, ನನ್ನ ಬೇಳೆಸಾರಿಗೆ ಹೆಸರಿಡುವಷ್ಟು ಬೆಳೆದಳು. "ಅಜ್ಜಿ ಸಾಂಬಾರು ಇದಕ್ಕಿಂತ ಚೆನ್ನಾಗಿರುತ್ತೆ." ಚೆನ್ನಾಗಿರುತ್ತೆ, ಚಲೋ ಇರ್ತೈತಿ ಅಲ್ಲ. ಅವಳ ನಾಲಿಗೆ ಆಗಲೇ ಇಲ್ಲಿಯದಾಗಿತ್ತು.

ನಾನು ಚಿಕ್ಕಿಯ ಮೇಲೇ ಕಣ್ಣಿಟ್ಟು ಕಾಯುತ್ತಿದ್ದೆ. ಅಪಾಯ ಬಂದದ್ದು ಚಿತ್ರಾನ್ನದಲ್ಲಿ.

ಅದು ಶನಿವಾರ, ಬೆಳಗಿನ ತರಗತಿ. ಅಪರೂಪಕ್ಕೆ ಮಕ್ಕಳು ಕೇಳಿದರೆಂದು ಮುನಿರತ್ನಮ್ಮ ಚಿತ್ರಾನ್ನ ಕಲೆಸಿದ್ದರು. ಒಗ್ಗರಣೆಯಲ್ಲಿ ಕಡ್ಲೆಬೀಜ. ಸಿಂಚನಾಳ ಪಾಲನ್ನು ಬೇರೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಬೀಜ ಆರಿಸಿ ಹೊರಗೆ ಹಾಕಿ, ಅವಳ ಕೈಗೆ ಕೊಟ್ಟಿದ್ದಾರೆ. ಕಟ್ಟಳೆಗೆ ಅಷ್ಟು ಸಾಕು. ಮಗು ನಾಲ್ಕು ತುತ್ತು ತಿಂದಿದ್ದಾಳೆ.

ಶಾಲೆಯಿಂದ ಒಬ್ಬ ಹುಡುಗಿ ಓಡಿ ಬಂದು ಕರೆದಳು. ನಾನು ಹೋಗುವಷ್ಟರಲ್ಲಿ ತುಟಿ ಊದಿತ್ತು, ಕಣ್ಣು ಮುಚ್ಚಿಹೋಗಿತ್ತು, ಎದೆಯಿಂದ ಆ ಸಿಳ್ಳೆ. ಆಟೋ ನಿಲ್ಲಿಸಿದ್ದು ಮುನಿರತ್ನಮ್ಮ, ಮಗುವನ್ನು ಎತ್ತಿಕೊಂಡು ಕೂತದ್ದು ಅವರು, ಶಿಡ್ಲಘಟ್ಟದ ಆಸ್ಪತ್ರೆಯ ತನಕ ಅವಳ ಬೆನ್ನು ನೀವುತ್ತ "ಬಂಗಾರು, ಕಣ್ಣು ಬಿಡು ಬಂಗಾರು" ಎಂದು ತೆಲುಗು ಕನ್ನಡ ಕಲಸಿ ಕೂಗಿದ್ದು ಅವರು. ನಾನು ಅವಳ ಪಾದ ಹಿಡಿದುಕೊಂಡಿದ್ದೆ, ಅಷ್ಟೇ. ಹಿಂದಿನಿಂದ ಬೈಕಿನಲ್ಲಿ ಹೆಡ್‌ಮೇಷ್ಟ್ರು, ಇನ್ನೊಂದು ಬೈಕಿನಲ್ಲಿ ಲಕ್ಷ್ಮಮ್ಮ ಮತ್ತು ಅವರ ಮಗ ಬಂದರು.

ಇಂಜೆಕ್ಷನ್ ಹಾಕಿದ ಮೇಲೆ ಸಿಳ್ಳೆ ನಿಧಾನವಾಗಿ ಇಳಿಯಿತು. ಇನ್ನು ಭಯವಿಲ್ಲ ಎಂದರು ಡಾಕ್ಟರು. ಆಗ ನನ್ನ ಮೈಗೆ ಬಲ ಬಂತು, ಬಂದ ಬಲವೆಲ್ಲ ನಾಲಿಗೆಗೆ ಹೋಯಿತು.

"ಒಂದೂ ಬಿಡದಂಗೆ ಆರಿಸಿ ತೆಗೆದಿದ್ನಲ್ಲಮ್ಮ..." ಎಂದು ಮುನಿರತ್ನಮ್ಮ ಹೇಳುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು.

"ಸಾಕ್ರೀ! ನಿಮ್ಮ ಕೈ ಊಟ ನಮಗ ಬ್ಯಾಡ!" ಎಂದು ನಾನು ಕಿರುಚಿದೆ. "ಇನ್ನ ಮ್ಯಾಲೆ ಅಕೀನ ಮುಟ್ಟಬ್ಯಾಡ್ರಿ ನೀವು!"

ಮುನಿರತ್ನಮ್ಮ ಮಂಚದಿಂದ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆತು ನಿಂತರು. ಹೆಡ್‌ಮೇಷ್ಟ್ರು ನೆಲ ನೋಡಿದರು. ಲಕ್ಷ್ಮಮ್ಮ ಮಾತ್ರ ನನ್ನ ಭುಜದ ಮೇಲೆ ಕೈಯಿಟ್ಟರು. ಏನಾಯಿತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಆಮೇಲೆ ಅಲ್ಲಿನ ನರ್ಸು ಮುನಿರತ್ನಮ್ಮನಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿದರು. "ಪಾಪಕಿ ಶೆನಕ್ಕಾಯ ಪಡದು." ಪಡದು ಎಂದರೆ ಮೈಗೆ ಹಿಡಿಸದು, ದೇಹ ಒಪ್ಪದು. ಮುನಿರತ್ನಮ್ಮ ಎದೆ ಮುಟ್ಟಿಕೊಂಡರು. "ಪಡದಾ? ಹಂಗಂತ ಮೊದಲೇ ಹೇಳ್ಬಾರದೇನಮ್ಮ? ನೀವ್ ಆಗಿಬರಲ್ಲ ಅಂದ್ರಿ!" ಅವರು ಹೇಳಿದ್ದು ಅಷ್ಟೇ. ಪಡದು ಎಂಬ ಮಾತನ್ನು ಇಬ್ಬರ ನಡುವೆ ಹೊಂದಾಣಿಕೆ ಇಲ್ಲದಿದ್ದರೂ ಬಳಸುತ್ತಾರೆ ಎಂದು ನಾನು ಕಲಿತದ್ದು ಆಮೇಲೆ.

ಸೋಮವಾರದಿಂದ ಬುತ್ತಿ ಕಟ್ಟಿ ಕಳಿಸಿದೆ. ಇಲ್ಲಿ ಅದಕ್ಕೆ ಬಾಕ್ಸು ಎನ್ನುತ್ತಾರೆ. ಹೆದರಿಕೆಯಿಂದಲೇ ಕಟ್ಟಿದ್ದು, ದೇವರಾಣೆ ಬೇರೇನೂ ಮನಸ್ಸಿನಲ್ಲಿರಲಿಲ್ಲ. ಮೂರನೇ ದಿನ ಲಕ್ಷ್ಮಮ್ಮ ಜಗಲಿಯ ಮೇಲೆ ಕರೆದು ಕೂರಿಸಿಕೊಂಡರು.

"ಒಳ್ಳೆ ಕೆಲಸ ಮಾಡಿದ್ರಿ ಕಣಮ್ಮ. ನಮ್ಮಲ್ಲಿ ಹೇಳಕ್ಕೆ ಯಾರಿಗೂ ಬಾಯಿ ಬರ್ತಿರಲಿಲ್ಲ. ನೀವ್ ಹೊರಗಿಂದ ಬಂದವರು, ಮುಖಕ್ಕೆ ಹೊಡೆದಂಗೆ ಹೇಳಿದ್ರಿ. ನಮ್ಮ ಮೊಮ್ಮಗಳಿಗೂ ನಾಳೆಯಿಂದ ಬಾಕ್ಸೇ."

"ಏನ್ ಹೇಳಿದ್ನಿ ನಾನು?"

"ಅದೇ, ಅವರ ಕೈಯೂಟ ಬೇಡ ಅಂತ. ಆ ಕಡೆ ಬೀದಿಯವರ ಕೈದು, ನಾವೆಲ್ಲ ಯಾವತ್ತಾದ್ರೂ ತಿಂದಿದ್ವಾ? ಏನೋ ಕಾಲ ಅಂತ ಸುಮ್ಮನಿದ್ವಿ."

ಆಗ ಗೊತ್ತಾಯಿತು. ನನಗೆ ಮುನಿರತ್ನಮ್ಮನ ಬೀದಿ ಯಾವುದೆಂದು ಗೊತ್ತಿರಲಿಲ್ಲ. ಇದನ್ನು ಎಷ್ಟು ಸಲ ಹೇಳಿಕೊಂಡಿದ್ದೇನೋ. ಹೇಳಿಕೊಳ್ಳುವಾಗಲೆಲ್ಲ ಇನ್ನೊಂದು ಯೋಚನೆ ಬರುತ್ತದೆ. ನಮ್ಮೂರಿನಲ್ಲಾದರೆ ಯಾರ ಬೀದಿ ಯಾವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದ ಅಲ್ಲಿ ಯಾರೆದುರು ಯಾವ ಮಾತು ಆಡಬಾರದು ಎನ್ನುವುದೂ ಗೊತ್ತಿತ್ತು. ಅದನ್ನೇ ನಾನು ಒಳ್ಳೆಯತನ ಎಂದುಕೊಂಡಿದ್ದೆ.

ನನ್ನ ತಪ್ಪನ್ನು ಸರಿಮಾಡಲು ಲಕ್ಷ್ಮಮ್ಮನಿಂದಲೇ ಶುರುಮಾಡಿದೆ. ಅವರಿಗೆ ತಿಳಿಯುವ ಹಾಗೆ ಹೇಳಬೇಕೆಂದು ಹುಳುಮನೆಯ ಕಡೆ ಕೈತೋರಿಸಿದೆ. "ನೋಡ್ರಿ, ಔಷಧಿ ಹೊಡೆದ ತೋಟದ ಸೊಪ್ಪು ಒಂದೆಲಿ ಬಂದ್ರೂ ನಿಮ್ಮ ಹುಳ ಸಾಯ್ತಾವ ಹೌದಲ್ಲ? ನನ್ ಮಗಳಿಗೆ ಶೇಂಗಾ ಹಂಗ. ಮುನಿರತ್ನಮ್ಮ ಕೊಟ್ರೂ ಅಷ್ಟ, ನಾನ್ ಕೊಟ್ರೂ ಅಷ್ಟ. ಕೈ ಸಂಬಂಧ ಏನೂ ಇಲ್ಲ."

ಅವರಿಗೆ ತಕ್ಷಣ ಅರ್ಥವಾಯಿತು. ಮುಖ ಅರಳಿತು. "ಹಾ, ಸರಿಯಾಗಿ ಹೇಳಿದ್ರಿ. ಎಲ್ಲಿಂದ ಬಂತು ಅಂತ ನೋಡದೆ ಹುಳಕ್ಕೇ ಒಂದೆಲೆ ಹಾಕಲ್ಲ ನಾವು. ಮಕ್ಕಳಿಗೆ ಹಾಕ್ತೀವಾ?"

ನಾನು ಹೇಳಿದ ಮಾತನ್ನೇ ತಿರುಗಿಸಿ ತಮ್ಮ ಸೆರಗಿಗೆ ಕಟ್ಟಿಕೊಂಡರು. ಮರುದಿನ ಅವರ ಮೊಮ್ಮಗಳು ಬಾಕ್ಸು ತಂದಳು. ಅದರ ಮರುವಾರ ಇನ್ನೆರಡು ಮನೆಯ ಮಕ್ಕಳು. ಸಿಂಚನಾ ಒಬ್ಬಳೇ ಬೇರೆ ಕೂರುತ್ತಿದ್ದ ಜಾಗ ಈಗ ಒಂದು ಸಾಲಾಯಿತು. ಆ ಸಾಲಿಗೆ ನನ್ನ ಮಗಳು ಮೊದಲಿನವಳು.

ಮುನಿರತ್ನಮ್ಮನ ಮನೆ ಹುಡುಕಿಕೊಂಡು ಹೋದೆ. ಎರಡು ಕೋಣೆಯ ಚೊಕ್ಕ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಮೇಜಿನ ಮೇಲೆ ದಪ್ಪ ದಪ್ಪ ಪುಸ್ತಕ. ಅವರ ಮಗಳು ಮಮತಾ ಚಿಂತಾಮಣಿಯಲ್ಲಿ ಬಿ.ಎಡ್. ಓದುತ್ತಿದ್ದಾಳೆ, ಅವತ್ತು ಮನೆಯಲ್ಲಿದ್ದಳು. ನಾನು ಕೂತೆ. ನಾನು ಆಡಿದ್ದು ಹೆದರಿಕೆಯ ಮಾತು, ಜಾತಿಯ ಮಾತಲ್ಲ ಎಂದು ಹೇಳುವಷ್ಟರಲ್ಲಿ ಅತ್ತುಬಿಟ್ಟೆ. ನಾನು ಅತ್ತದ್ದು ನನಗೇ ಅಸಹ್ಯವಾಯಿತು, ಸಮಾಧಾನ ಮಾಡುವ ಕೆಲಸವೂ ಅವರದೇ ಆಯಿತಲ್ಲ ಎಂದು.

"ಬಿಡಿ ಅಮ್ಮ. ಮಗು ಉಸಿರು ಕಟ್ಟಿದ್ರೆ ಯಾವ ತಾಯಿ ತೂಕ ಹಾಕಿ ಮಾತಾಡ್ತಾಳೆ" ಎಂದರು ಮುನಿರತ್ನಮ್ಮ. ಟೀ ಮಾಡಿ ತಂದರು. ನಾನು ಕುಡಿದೆ. ಕುಡಿಯುವಾಗ ಮೂವರೂ ಆ ಲೋಟವನ್ನೇ ನೋಡುತ್ತಿದ್ದೆವು. ಮಮತಾ ಮಾತ್ರ ಮುಚ್ಚುಮರೆಯಿಲ್ಲದೆ ಕೇಳಿದಳು.

"ನೀವ್ ಕುಡಿದ್ರಿ ಆಂಟಿ, ಸಂತೋಷ. ಆ ಮೂರು ಮಕ್ಕಳು ನಾಳೆ ಬಂದು ನಮ್ಮಮ್ಮ ಮಾಡಿದ್ದು ತಿಂತಾವಾ?"

"ಮಮತಾ, ಸುಮ್ಮನಿರೇ" ಎಂದರು ತಾಯಿ.

"ಇಷ್ಟು ವರ್ಷ ತಿಂತಿದ್ರಲ್ಲಮ್ಮ. ಒಳಗೆ ಏನಿತ್ತೋ, ಹೊರಗೆ ತಿಂತಿದ್ರು. ಈಗ ಒಂದು ನೆಪ ಸಿಕ್ತು."

ದೂರು ಬರೆದು ಕೊಡುತ್ತೇನೆ, ನನ್ನ ಹೆಸರಿನಲ್ಲೇ ಕೊಡುತ್ತೇನೆ, ಮೇಲಿನವರು ಬಂದು ವಿಚಾರಿಸಲಿ ಎಂದೆ. ಮುನಿರತ್ನಮ್ಮ ಹೆದರಿ ನನ್ನ ಕೈ ಹಿಡಿದುಕೊಂಡರು. "ಬೇಡ ತಾಯಿ. ಜೀಪು ಬರುತ್ತೆ, ಬರೆದುಕೊಂಡು ಹೋಗುತ್ತೆ. ನೀವ್ ಬಾಡಿಗೆ ಮನೆಯವರು, ನಾಳೆ ಎಲ್ಲಾದರೂ ಹೋಗ್ತೀರಿ. ನಾವ್ ಇಲ್ಲೇ ಇರಬೇಕು. ಈ ಕೆಲಸ ಬಿಟ್ರೆ ಅವರ ತೋಟಕ್ಕೇ ಸೊಪ್ಪು ಕುಯ್ಯಕ್ಕೆ ಹೋಗಬೇಕು ನಾನು." ನಾನು ದೂರು ಬರೆಯಲಿಲ್ಲ. ಬರೆಯದಿದ್ದದ್ದು ಅವರಿಗಾಗಿಯೋ, ಲಕ್ಷ್ಮಮ್ಮನ ಮನೆ ಬಿಡಬೇಕಾದೀತು ಎಂಬ ಅಳುಕಿಗೋ, ನನಗೆ ಈಗಲೂ ಖಚಿತವಿಲ್ಲ.

ಒಂದು ಉಪಾಯ ಮಾಡಿದೆ. ಮಧ್ಯಾಹ್ನ ನಾನೇ ಶಾಲೆಗೆ ಹೋಗಿ, ತಟ್ಟೆ ಹಿಡಿದು, ಮಕ್ಕಳ ಸಾಲಿನಲ್ಲಿ ಕೂತು ಮುನಿರತ್ನಮ್ಮ ಬಡಿಸಿದ್ದನ್ನು ಉಂಡೆ. ಎಲ್ಲರೂ ನೋಡಲಿ ಎಂದೇ ಉಂಡೆ. ಪ್ರತಿ ತುತ್ತಿಗೂ ಚೆನ್ನಾಗಿದೆ ಚೆನ್ನಾಗಿದೆ ಎಂದೆ. ನಾಲ್ಕು ದಿನ ನಡೆಯಿತು. ಐದನೇ ದಿನ ಹೆಡ್‌ಮೇಷ್ಟ್ರು ಪಕ್ಕಕ್ಕೆ ಕರೆದು, ಮಕ್ಕಳ ಪಾಲಿನ ಅಕ್ಕಿಯಲ್ಲಿ ದೊಡ್ಡವರು ಉಣ್ಣುವ ಹಾಗಿಲ್ಲವೆಂದು ವಿನಯವಾಗಿ ಹೇಳಿದರು. ಅದೂ ನಿಜವೇ. ಬಾಕ್ಸಿನ ಸಾಲು ಮಾತ್ರ ಕರಗಲಿಲ್ಲ.

ಒಂದು ತಿಂಗಳಾದ ಮೇಲೆ ಶಾಲೆಯ ಸಮಿತಿ ಸಭೆ ಸೇರಿತು. ನನ್ನನ್ನೂ ಕರೆದಿದ್ದರು. ಮುಂದಿನ ಕುರ್ಚಿ ಕೊಟ್ಟರು. ಯಾರೂ ಕೆಟ್ಟ ಮಾತಾಡಲಿಲ್ಲ, ಯಾರೂ ಯಾರ ಬೀದಿಯ ಹೆಸರನ್ನೂ ಎತ್ತಲಿಲ್ಲ. ಮುನಿರತ್ನಮ್ಮನಿಗೆ ಮಂಡಿ ನೋವು, ಒಲೆಯ ಮುಂದೆ ಅಷ್ಟು ಹೊತ್ತು ನಿಲ್ಲುವುದು ಕಷ್ಟ, ಅಡುಗೆಗೆ ಇನ್ನೊಬ್ಬರನ್ನು ನೋಡೋಣ, ಅವರಿಗೆ ತಟ್ಟೆ ತೊಳೆಯುವ ಹಗುರ ಕೆಲಸ ಕೊಡೋಣ ಎಂದು ತೀರ್ಮಾನವಾಯಿತು. ನಾನು ಎದ್ದು ನಿಂತೆ.

"ಮಂಡಿ ನೋವಿದ್ರ ಕುಕ್ಕರಗಾಲಿಲೆ ಕುಂತು ತಟ್ಟಿ ತೊಳಿಯೋದು ಹಗರ ಆಗತೈತೇನ್ರೀ? ತಪ್ಪು ನಂದು. ಅವರದಲ್ಲ. ನಾನು ಹೇಳಿದ್ದು..."

"ಕೂತ್ಕೊಳ್ಳಿ ಅಮ್ಮ" ಎಂದರು ಹೆಡ್‌ಮೇಷ್ಟ್ರು. ಅವರು ಕೆಟ್ಟವರಲ್ಲ, ಸೋತವರು. "ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಬಾಕ್ಸ್ ತರೋ ಮಕ್ಕಳು ನಾಳೆ ಶಾಲೆ ಬಿಡ್ತಾರೆ. ಶಾಲೆ ಉಳಿಯಬೇಕಲ್ಲಾ. ಅವರನ್ನೂ ಕೇಳಿದೀವಿ, ಒಪ್ಪಿದಾರೆ."

ಮುನಿರತ್ನಮ್ಮ ಬಾಗಿಲ ಬಳಿ ನಿಂತಿದ್ದರು. "ಹೌದು, ನೋವಿದೆ" ಎಂದರು. ನಾನು ಕೂತೆ. ಅದೇ ಸಭೆಯಲ್ಲಿ ನನ್ನ ಮಗಳ ವಿಷಯವೂ ಬಂತು. ಇನ್ನು ಮುಂದೆ ಶಾಲೆಯ ಅಡುಗೆಯಲ್ಲಿ ಕಡ್ಲೆಬೀಜ ಬಳಸಬಾರದು, ಚಿಕ್ಕಿ ಬದಲು ಬಾಳೆಹಣ್ಣೇ ತರಿಸಬೇಕು ಎಂದು ಬರೆದು ಅಡುಗೆಕೋಣೆಯ ಗೋಡೆಗೆ ಅಂಟಿಸಿದರು. ನಾನು ಮೊದಲ ದಿನದಿಂದ ಬೇಡಿದ್ದೂ ಅದನ್ನೇ. ಹೊಸ ಅಡುಗೆಯವರು ಬಂದರು. ಬಾಕ್ಸುಗಳು ಒಂದೊಂದಾಗಿ ಮಾಯವಾದವು. ಸಿಂಚನಾ ಈಗ ಎಲ್ಲರ ನಡುವೆ ಕೂತು, ಬಿಸಿ ಅನ್ನ ಉಂಡು, ಕ್ಷೇಮವಾಗಿ ಮನೆಗೆ ಬರುತ್ತಾಳೆ.

ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ನೀವೆಲ್ಲ ಸುತ್ತ ಕೂತು ಕೇಳಿದಿರಿ, "ಹೊಂದಿಕೊಂಡ್ರೇನವಾ ಆ ಊರಿಗೆ? ಹುಡುಗಿ ಊಟದ್ದು ಏನ್ ಮಾಡಿದಿ?" ಸಾಲಿಯವರು ಬಹಳ ಚಲೋ ಅದಾರ, ಗೋಡಿಗೆ ಬರೆದು ಹಚ್ಯಾರ ಎಂದೆ. ನೀವು ಹೆಮ್ಮೆಪಟ್ಟಿರಿ. ಅತ್ತೆ ಮೆಲ್ಲಗೆ, "ಅಡಗಿ ಯಾರು ಮಾಡ್ತಾರ ಅಲ್ಲೆ?" ಎಂದು ಕೇಳಿದರು. ಹೊಸ ಅಡುಗೆಯವರ ಮನೆತನ ಹೇಳಿದೆ. ಅತ್ತೆ ತಲೆಯಾಡಿಸಿ, ಸಮಾಧಾನವಾಗಿ ಎಲೆ ಅಡಿಕೆಗೆ ಕೈಹಾಕಿದರು. ಅವರ ಮುಖದಲ್ಲಿ ಲಕ್ಷ್ಮಮ್ಮ ಕಂಡರು. ನಾಲ್ಕು ನೂರು ಕಿಲೋಮೀಟರಿಗಿಂತ ಹೆಚ್ಚು ದೂರ ಹೋದವಳು ಎಲ್ಲಿಗೂ ಹೋಗಿಲ್ಲವೆನಿಸಿತು. ಅವತ್ತು ನಿಮ್ಮೆದುರು ಬಾಯಿ ಬಿಡಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಶಾಲೆ ಮತ್ತೆ ಶುರುವಾಗಿದೆ. ಮಧ್ಯಾಹ್ನ ಆ ಕಡೆ ಹೋದರೆ, ಮುನಿರತ್ನಮ್ಮ ತೊಟ್ಟಿಯ ಹತ್ತಿರ ಒಂದು ಕೈ ನೆಲಕ್ಕೂರಿ ಕೂತು ತಟ್ಟೆ ತೊಳೆಯುವುದು ಕಾಣುತ್ತದೆ. ಸಿಂಚನಾಳ ತಟ್ಟೆಯನ್ನು ಅವರು ಎಲ್ಲಕ್ಕಿಂತ ಮೊದಲು, ಬೇರೆ ನೀರಿನಲ್ಲಿ, ಬೇರೆ ನಾರಿನಲ್ಲಿ ತೊಳೆದು ಬಿಸಿಲಿಗೆ ಒರಗಿಸಿಡುತ್ತಾರೆ. ಕೆಲವು ಮಕ್ಕಳು ಮನೆಯಿಂದ ಕಡ್ಲೆಬೀಜದ ಚಟ್ನಿಪುಡಿ ತಂದು ಅನ್ನಕ್ಕೆ ಕಲಸಿಕೊಳ್ಳುತ್ತಾರಲ್ಲ, ಅದು ಇವಳ ತಟ್ಟೆಗೆ ತಾಗಬಾರದೆಂದು. ಯಾರೂ ಅವರಿಗೆ ಹೇಳಿಲ್ಲ. ನಾನು ಹೋಗಿ ಮಾತನಾಡಿಸಿದರೆ "ಚೆನ್ನಾಗಿದೀನಮ್ಮ" ಎಂದು ಮುಂದಿನ ತಟ್ಟೆ ಎತ್ತಿಕೊಳ್ಳುತ್ತಾರೆ.

ಮೊನ್ನೆ ಸಿಂಚನಾ ಮನೆಗೆ ಬಂದವಳು ಚೀಲ ಇಳಿಸುವ ಮೊದಲೇ ಕೇಳಿದಳು. "ಅಮ್ಮ, ಮುನಿರತ್ನಮ್ಮಜ್ಜಿ ಈಗ ಯಾಕೆ ಅಡುಗೆ ಮಾಡಲ್ಲ? ಅವರ ಸಾಂಬಾರೇ ಚೆನ್ನಾಗಿತ್ತು."

ಹಿಂದೆ ಕಿಟಕಿ ತೆರೆದಿತ್ತು. ಲಕ್ಷ್ಮಮ್ಮ ಹುಳುಮನೆಯ ಬಾಗಿಲಲ್ಲಿ ಸೊಪ್ಪು ಒರೆಸುತ್ತ ಕೂತಿದ್ದರು.

"ಅವರಿಗೆ ಮಂಡಿ ನೋವಂತೆ ಕಣೇ" ಎಂದೆ.

ಈ ಊರಿನ ಮಾತನ್ನು ಒಂದು ತಪ್ಪೂ ಇಲ್ಲದೆ ನಾನು ಆಡಿದ್ದು ಅದೇ ಮೊದಲು. ಮಗಳು ನಂಬಿದಳು.